ನಮ್ಮ ಮನೆಯ ಜಾಲಿ

ನಮ್ಮ ಸೀಮೆಯಲ್ಲಿ ಜಾಲಿ ಎಂಬ ಮಾತಿಗೆ ಎರಡು ಅರ್ಥ. ಮೊದಲನೆಯದು ಗಿಡ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ನಡುವೆ ಯಾವ ದಾರಿ ಹಿಡಿದು ಹೊರಟರೂ ನಿಮ್ಮನ್ನು ಎದುರುಗೊಳ್ಳುವುದು ಜಾಲಿಗಿಡ. ಅದರ ಮುಳ್ಳು ಕಡಿದು ತಂದು ಹೊಲದ ಸುತ್ತ ಬೇಲಿ ಹಾಕುತ್ತಾರೆ. ಎರಡನೆಯದು ಕಿಟಕಿಗೆ ಹೊಡೆಯುವ ತಂತಿಯ ಜಾಲಿ. ಇದು ನಿಜಾಮರ ಕಾಲದ ಹಿಂದುಸ್ತಾನಿ ಮಾತಿನೊಡನೆ ನಮ್ಮಲ್ಲಿಗೆ ಬಂದದ್ದು. ಮೂಲ ಹುಡುಕುತ್ತ ಹೋದರೆ ನಮ್ಮ ‘ಜಾಲ’ವೇ ಸಿಕ್ಕುತ್ತದೆ. ಹುಟ್ಟಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ಎರಡೂ ಮಾಡುವ ಕೆಲಸ ಒಂದೇ. ಒಂದು ದನಕ್ಕೆ ಹಾಕಿದ ಬೇಲಿ, ಇನ್ನೊಂದು ಸೊಳ್ಳೆಗೆ ಹಾಕಿದ ಬೇಲಿ. ವ್ಯತ್ಯಾಸ ಇಷ್ಟೆ: ದನದ ಬೇಲಿಯಲ್ಲಿ ಕಂಡಿ ಬಿದ್ದರೆ ಮೂರು ಹೊಲದಾಚೆಯಿಂದ ಕಾಣುತ್ತದೆ, ಸೊಳ್ಳೆಯ ಬೇಲಿಯಲ್ಲಿ ಕಂಡಿ ಬಿದ್ದದ್ದು ಕಚ್ಚಿಸಿಕೊಂಡ ಮೇಲೆ ತಿಳಿಯುತ್ತದೆ.

ಮನೆಗೆ ಮರೆ ಕಟ್ಟಿಕೊಳ್ಳುವುದು ನಮ್ಮವರಿಗೆ ಹೊಸದೇನಲ್ಲ. ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ಅಲ್ಲಿಯ ಕಿಟಕಿಗಳನ್ನು ಮರೆಯಲಾರರು. ಕಲ್ಲನ್ನೇ ಅಕ್ಷರಗಳಾಗಿ ಕೊರೆದು, ಅಕ್ಷರಗಳ ಸಂದಿಯಿಂದ ಬೆಳಕು ಬರುವಂತೆ ಮಾಡಿದ್ದಾರೆ. ವಾಡೆಗಳಲ್ಲಿ ಬಿದಿರಿನ ಚಿಕ್ಕುಗಳು ತೂಗಾಡುತ್ತಿದ್ದವು. ಒಳಗಿನವರಿಗೆ ಹೊರಗು ಕಾಣಬೇಕು, ಹೊರಗಿನವರಿಗೆ ಒಳಗು ಕಾಣಬಾರದು. ಸಾಹೇಬರ ಬಂಗಲೆಗಳಲ್ಲಿ ಬೇಸಗೆಗೆ ಲಾವಂಚದ ತಟ್ಟಿ. ಆಳು ಅದಕ್ಕೆ ನೀರು ಚಿಮುಕಿಸುತ್ತಿದ್ದರೆ ಒಳಗೆ ಕೂತವರಿಗೆ ತಂಪೂ ಉಂಟು, ಪರಿಮಳವೂ ಉಂಟು. ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಅಂಥ ಕಾಲದ ಮನೆ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನವನ್ನು ನೋಡಿಕೊಳ್ಳಲು 1841ರಲ್ಲಿ ಬಂದ ಮೆಡೋಸ್ ಟೇಲರ್ 1853ರವರೆಗೆ ಇಲ್ಲಿದ್ದರು. ಗಾಳಿ ಎಲ್ಲಿಂದ ಬರುತ್ತದೆ, ಕಣ್ಣು ಎಲ್ಲಿಯವರೆಗೆ ಹರಿಯುತ್ತದೆ ಎಂಬುದನ್ನು ನೋಡಿಯೇ ಮನೆ ಕಟ್ಟಿಸಿದ್ದಾರೆ. ಆದರೆ ಅವರು ತೀರಿಕೊಂಡ ಮೇಲೆ 1877ರಲ್ಲಿ ಅಚ್ಚಾದ ಆತ್ಮಕಥೆಯನ್ನು ಓದಿದರೆ, ಜ್ವರದ ಮಾತು ಮತ್ತೆ ಮತ್ತೆ ಬರುತ್ತದೆ. ಆ ಕಾಲದ ತೆರೆಗಳು ಬಿಸಿಲನ್ನು ತಡೆದವು, ಧೂಳನ್ನು ತಡೆದವು, ಪರರ ಕಣ್ಣನ್ನು ತಡೆದವು. ತಡೆಯಬೇಕಾದದ್ದು ಇನ್ನೊಂದಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಜ್ವರ ಕೆಟ್ಟ ಗಾಳಿಯಿಂದ ಬರುತ್ತದೆ ಎಂದೇ ಜಗತ್ತು ನಂಬಿತ್ತು. ಮಲೇರಿಯಾ ಎಂಬ ಇಟಲಿಯ ಮಾತಿನ ಅರ್ಥವೂ ಕೆಟ್ಟ ಗಾಳಿ ಎಂದೇ.

ಆ ಇನ್ನೊಂದು ಯಾವುದು ಎಂದು ತಿಳಿದದ್ದು ನಮ್ಮದೇ ನೆರೆಯಲ್ಲಿ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರು ಸೊಳ್ಳೆಯೊಂದರ ಹೊಟ್ಟೆ ಸೀಳಿ ಅದರಲ್ಲಿ ಮಲೇರಿಯಾದ ಜೀವಾಣುವನ್ನು ಕಂಡರು. ಸಿಕಂದರಾಬಾದು ಆಗ ನಿಜಾಮರ ಸೀಮೆ. ಯಾದಗಿರಿ, ಶಹಾಪುರ, ಸುರಪುರಗಳೂ ಅದೇ ಸೀಮೆ. ಜ್ವರದಲ್ಲಿ ನಡುಗುತ್ತಿದ್ದ ನಮ್ಮ ಹಿರಿಯರಿಗೆ ಆ ಸುದ್ದಿ ಬಂದು ಮುಟ್ಟಲು ಮತ್ತೆ ಎಷ್ಟು ಕಾಲ ಹಿಡಿಯಿತೋ! ರಾಸ್ ಸಾಹೇಬರಿಗೆ 1902ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ನನಗೆ ಬಹುಮಾನಕ್ಕಿಂತ ಹೆಚ್ಚು ಮೆಚ್ಚಿಕೆಯಾದದ್ದು ಅವರ ಬೆಂಗಳೂರಿನ ದಿನಗಳ ಒಂದು ಪ್ರಸಂಗ. 1883ರಲ್ಲಿ ಅಲ್ಲಿಯ ದಂಡಿನಲ್ಲಿದ್ದಾಗ ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗೆ ಇಟ್ಟಿದ್ದ ಪೀಪಾಯಿಯ ನೀರಿನಲ್ಲಿ ಮರಿಗಳು ಕುಣಿಯುತ್ತಿದ್ದವು. ಪೀಪಾಯಿ ಮಗುಚಿದರು, ಸೊಳ್ಳೆ ಹೋಯಿತು. ಹೀಗೆಯೇ ಎಲ್ಲ ಪೀಪಾಯಿಗಳನ್ನೂ ಮಗುಚಿಸಿಬಿಡೋಣ ಎಂದು ಮೇಲಿನ ಅಧಿಕಾರಿಗೆ ಹೇಳಿದರೆ, ಸೃಷ್ಟಿಯ ನಿಯಮದಲ್ಲಿ ಕೈಹಾಕುವುದು ತರವಲ್ಲವೆಂದು ಆತ ಒಪ್ಪಲಿಲ್ಲವಂತೆ. ಮಾಡಬಾರದ ಕೆಲಸಕ್ಕೆ ಸೃಷ್ಟಿಯ ನಿಯಮವನ್ನು ಹೇಳುವುದು ಕೇಳಿದ್ದೇನೆ. ಮಾಡಬೇಕಾದ ಸುಲಭ ಕೆಲಸವನ್ನು ಬಿಡುವುದಕ್ಕೂ ಅದೇ ನೆವ ನಡೆಯುತ್ತದೆಂದು ಇದರಿಂದ ತಿಳಿಯಿತು.

ತಂತಿಯ ಜಾಲಿಗೆ ಮಾನ ಬಂದದ್ದು ಇದಾದ ಮೂರು ವರ್ಷಕ್ಕೆ. 1900ರ ಬೇಸಗೆಯಲ್ಲಿ ರೋಮ್ ನಗರದ ಹೊರಗೆ ಓಸ್ಟಿಯಾ ಎಂಬಲ್ಲಿ, ಜ್ವರಕ್ಕೆ ಹೆಸರಾದ ಜೌಗುನೆಲದ ನಡುವೆ, ಸಾಂಬನ್ ಮತ್ತು ಲೋ ಎಂಬ ಇಬ್ಬರು ವೈದ್ಯರು ಒಂದು ಗುಡಿಸಲು ಹಾಕಿಸಿಕೊಂಡು ಕೂತರು. ಬಾಗಿಲು ಕಿಟಕಿಗೆಲ್ಲ ತಂತಿಯ ಜಾಲಿ. ಹಗಲೆಲ್ಲ ಹೊರಗೆ ತಿರುಗುವುದು, ಹೊತ್ತು ಮುಳುಗುವ ಮೊದಲು ಒಳಗೆ ಸೇರುವುದು. ಕುಡಿದದ್ದು ಅಲ್ಲಿಯದೇ ನೀರು, ಉಸಿರಾಡಿದ್ದು ಅಲ್ಲಿಯದೇ ರಾತ್ರಿಯ ಗಾಳಿ. ಕ್ವಿನೈನ್ ಮುಟ್ಟಲಿಲ್ಲ. ಸುತ್ತಲಿನ ರೈತರು ಜ್ವರದಲ್ಲಿ ಬಿದ್ದರು, ಇವರಿಬ್ಬರಿಗೆ ಏನೂ ಆಗಲಿಲ್ಲ. ಅದೇ ಕಾಲಕ್ಕೆ ರೋಮಿನ ರೋಗಿಗಳ ರಕ್ತ ಕುಡಿದ ಸೊಳ್ಳೆಗಳನ್ನು ಲಂಡನ್ನಿಗೆ ಕಳಿಸಿದರು. ಈ ಪ್ರಯೋಗದ ಹಿರಿಯರಾದ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಸ್ವಂತ ಮಗ ಅವುಗಳಿಂದ ಕಚ್ಚಿಸಿಕೊಂಡ. ಜೌಗುನೆಲವೇ ಇಲ್ಲದ ಊರಿನಲ್ಲಿ ಅವನಿಗೆ ಚಳಿಜ್ವರ ಬಂತು. ಕೆಟ್ಟ ಗಾಳಿಯ ಕಥೆ ಅಲ್ಲಿಗೆ ಮುಗಿಯಿತು. ಜಗತ್ತಿನ ಎಲ್ಲ ಜಾಲಿ ಕಟ್ಟಿದ ವರಾಂಡಗಳೂ ಆ ಗುಡಿಸಲಿನ ಮೊಮ್ಮಕ್ಕಳು. ಶಹಾಪುರದ ನಮ್ಮ ವರಾಂಡವೂ ಹಾಗೆಯೇ.

ಆದರೆ ನಾನು ಹುಡುಗನಾಗಿದ್ದಾಗ ನಮ್ಮ ವರಾಂಡಕ್ಕೆ ಜಾಲಿ ಇರಲಿಲ್ಲ. ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಕಂಬ, ಅಷ್ಟೆ. ರಾತ್ರಿ ಹೊರಸು ಹಾಕಿಕೊಂಡು ಮಲಗಿದರೆ ಶಹಾಪುರದ ಬೆಟ್ಟದ ಸಾಲು ಕಾಣುತ್ತಿತ್ತು. ಮಲಗಿದ ಬುದ್ಧನಂತೆ ತೋರುತ್ತದೆಂದು ಈಗ ದೂರದೂರದವರು ನೋಡಲು ಬರುವುದು ಆ ಬೆಟ್ಟವನ್ನೇ. ಆಗ ನಮ್ಮದು ಬಿಳಿಜೋಳ, ತೊಗರಿ, ಶೇಂಗಾದ ನಾಡು. ಮಳೆಗಾಲದಲ್ಲಿ ನಾಲ್ಕು ದಿನ ಗುಂಗಾಡು ಗುಂಯ್ಗುಡುವುದು, ಬೇವಿನ ಸೊಪ್ಪಿನ ಹೊಗೆ ಹಾಕಿದರೆ ಹೋಗುವುದು. ಉಳಿದ ಕಾಲ ನೆಲ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಸೊಳ್ಳೆಗೂ ನಮಗೂ ನೀರಿಲ್ಲ.

ಆಮೇಲೆ ನೀರು ಬಂತು. ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆಯ ನೀರು, 1980ರ ದಶಕದಲ್ಲಿ ನಾರಾಯಣಪುರದ ಅಣೆಕಟ್ಟಿನಿಂದ ಎಡದಂಡೆಯ ಕಾಲುವೆ ಹಿಡಿದು ಸುರಪುರ, ಶಹಾಪುರ ತಾಲೂಕಿನ ಎರೆಹೊಲಗಳಿಗೆ ಹರಿಯಿತು. ಮೊದಲ ದಿನ ಕಾಲುವೆಗೆ ಅರಿಷಿಣ ಕುಂಕುಮ ಬಿಟ್ಟು ಕೈಮುಗಿದವರಲ್ಲಿ ನಮ್ಮ ಅವ್ವನೂ ಒಬ್ಬಳು. ಆ ನೀರನ್ನು ನಾನು ಹಳಿಯಲಾರೆ. ಬರದ ವರ್ಷಗಳಲ್ಲಿ ಮನೆಗೆ ಬೀಗ ಹಾಕಿ ಗುಳೆ ಹೋಗುವುದನ್ನು ಕಂಡವರು ಯಾರೂ ಹಳಿಯಲಾರರು. ಆದರೆ ಹಗುರ ನೀರಾವರಿಯ ಬೆಳೆಗೆಂದು ಲೆಕ್ಕ ಹಾಕಿದ ನೀರಿನಲ್ಲಿ ಭತ್ತ ನಿಂತಿತು. ಭತ್ತ ನಿಂತಲ್ಲಿ ನೀರು ನಿಂತಿತು. ಕಾಲುವೆಯ ಬದಿಗೆ ಬಸಿದ ನೀರು ಹೊಂಡ ಕಟ್ಟಿತು. ಚಳಿಜ್ವರ ತರುವ ಸೊಳ್ಳೆಗೆ ಕೊಳಚೆಗಿಂತ ಇಂಥ ತಿಳಿನೀರು ಮೆಚ್ಚು. ದೇಶದಲ್ಲಿ ಬೇರು ಕಿತ್ತಿತೆಂದು ತಿಳಿದಿದ್ದ ಮಲೇರಿಯಾ 1976ರ ಹೊತ್ತಿಗೆ ತಿರುಗಿ ಬಂದು ವರ್ಷಕ್ಕೆ 60 ಲಕ್ಷ ಮಂದಿಯನ್ನು ಮೀರಿ ಹಿಡಿದಿತ್ತು. ಡಿ.ಡಿ.ಟಿ.ಗೆ ಸೊಳ್ಳೆ ಪಳಗಿಬಿಟ್ಟಿತ್ತು. ಅಂಥ ಕಾಲಕ್ಕೆ ನಮ್ಮಲ್ಲಿ ನೀರು ಬಂದದ್ದು.

ನನ್ನ ತಮ್ಮನ ಹಿರಿಯ ಮಗ ಹೋದದ್ದು ಕಾಲುವೆ ಬಂದ ಕೆಲವು ವರ್ಷಕ್ಕೆ. ಎರಡು ವರ್ಷದ ಕೂಸು. ಮೂರು ದಿನ ಜ್ವರ, ನಾಲ್ಕನೆಯ ದಿನ ಅದು ತಲೆಗೇರಿತು. ಐದನೆಯ ದಿನ ಇರಲಿಲ್ಲ. ಅಪ್ಪ ಆ ಬಗ್ಗೆ ಯಾರೊಡನೆಯೂ ಮಾತಾಡಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಬಡಿಗೇರರನ್ನು ಕರೆಸಿ, ವರಾಂಡದ ಕಂಬಗಳ ನಡುವೆ ಆರು ಚೌಕಟ್ಟು ಕೂಡಿಸಿ, ಕಟ್ಟೆಯಿಂದ ತೊಲೆಯವರೆಗೆ ತಂತಿಯ ಜಾಲಿ ಹೊಡೆಸಿದರು. ಬಾಗಿಲಿಗೂ ಜಾಲಿ, ಅದು ತಾನಾಗಿ ಮುಚ್ಚಿಕೊಳ್ಳಲು ಒಂದು ಸ್ಪ್ರಿಂಗು. ಆ ಸ್ಪ್ರಿಂಗಿನ ಸಪ್ಪಳ ನಮ್ಮ ಮನೆಯ ಗುರುತಾಯಿತು. ಸೂರ್ಯ ಮುಳುಗಿದ ಮೇಲೆ ಯಾರಾದರೂ ಬಾಗಿಲು ಹಿಡಿದುಕೊಂಡು ಮಾತಾಡುತ್ತ ನಿಂತರೆ, ಎಂದೂ ಗದರದ ಅಪ್ಪ ಗದರುತ್ತಿದ್ದರು.

ಅವ್ವನಿಗೆ ಮಾತ್ರ ಜಾಲಿ ಹಿಡಿಸಲಿಲ್ಲ. ಅವಳಿಗೆ ಕಟ್ಟೆ ಎಂದರೆ ಹಾದಿಯಲ್ಲಿ ಹೋಗುವವರನ್ನು ಮಾತಾಡಿಸುವ ಜಾಗ. ಜಾಲಿಯ ಒಳಗಿನಿಂದ ಕರೆದರೆ ದಾರಿಹೋಕರು ದನಿ ಎಲ್ಲಿಂದ ಬಂತೆಂದು ನಿಂತು ಹುಡುಕುತ್ತಿದ್ದರು. “ಪಂಜರದಾಗಿನ ಗಿಣಿ ಆದೆ ನೋಡಪ್ಪ” ಎನ್ನುವಳು. ಗಾಳಿ ಕಡಿಮೆಯಾಯಿತೆಂಬ ದೂರು ಬೇರೆ. ಅದೂ ಸುಳ್ಳಲ್ಲ. ನಮ್ಮ ಬೇಸಗೆಯ ಧೂಳು ಒಂದು ತಿಂಗಳಲ್ಲಿ ಜಾಲಿಯ ಕಣ್ಣನ್ನು ಅರ್ಧ ಮುಚ್ಚುತ್ತದೆ. ತೊಳೆಯದಿದ್ದರೆ ಜಾಲಿ ಹೋಗಿ ಗೋಡೆಯಾಗುತ್ತದೆ. ಆದರೂ ತೆಗೆಯಿರಿ ಎಂದು ಅವ್ವ ಒಮ್ಮೆಯೂ ಹೇಳಲಿಲ್ಲ. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಜಾಲಿ ಒರೆಸುವವಳು ಅವಳೇ.

ಅಪ್ಪ ಹಾಕಿಸಿದ್ದು ಸತುವಿನ ಲೇಪದ ಕಬ್ಬಿಣದ ಜಾಲಿ. ಅದು ತುಕ್ಕು ಹಿಡಿದ ಮೇಲೆ ನಾನು ಸಣ್ಣ ಎಳೆಯ ಅಲ್ಯೂಮಿನಿಯಂ ಜಾಲಿ ಹಾಕಿಸಿದೆ. ಈ ವರ್ಷ ಅದರ ಸರದಿ ಮುಗಿಯಿತು. ಜಾಲಿಯ ಆಯುಷ್ಯ ಮುಗಿಯುವ ರೀತಿ ನೋಡುವಂಥದು. ಅದು ಒಮ್ಮೆಗೇ ಹರಿಯುವುದಿಲ್ಲ. ಕೆಳಗಿನ ಅಂಚಿನಲ್ಲಿ, ಮಳೆಯ ಎರಚಲು ಬಡಿಯುವಲ್ಲಿ, ಕಸಬರಿಗೆ ತಾಗುವಲ್ಲಿ, ಮೊಮ್ಮಕ್ಕಳು ಮೊಣಕೈ ಊರುವಲ್ಲಿ, ಬೆಕ್ಕು ಉಗುರು ಮಸೆಯುವಲ್ಲಿ ಒಂದು ತಂತಿ ಸರಿಯುತ್ತದೆ. ಅಂಗುಲಕ್ಕೆ 16ರಿಂದ 18 ತಂತಿ ಇದ್ದರೆ ಸೊಳ್ಳೆಗೆ ದಾರಿಯಿಲ್ಲ. ಒಂದು ತಂತಿ ಸರಿದರೆ ಆ ಲೆಕ್ಕ ತಪ್ಪಿತು. ಸಂಜೆ ಒಳಗೆ ದೀಪ ಹಚ್ಚಿ, ಹೊರಗೆ ನಿಂತು ನೋಡಿದರೆ ಇಂಥ ಕಂಡಿಗಳು ಚುಕ್ಕಿಯಂತೆ ಹೊಳೆಯುತ್ತವೆ. ಈ ಸಲ ಎಣಿಸಹೊರಟೆ, ಎಣಿಸಿ ಮುಗಿಯುವಂತಿರಲಿಲ್ಲ.

ಜಾಲಿ ತರಲು ಭೀಮಾ ಸೇತುವೆ ದಾಟಿ ಯಾದಗಿರಿಗೆ ಹೋದೆ. ಅಂಗಡಿಯವನು ನಾಲ್ಕು ಬಗೆ ಹಾಸಿ ತೋರಿಸಿದ. ನೈಲಾನಿನದು ಅಗ್ಗ, ಬಿಸಿಲಿಗೆ ಬೇಗ ಪೆಡಸಾಗುತ್ತದೆ. ಫೈಬರಿನದು ತುಕ್ಕು ಹಿಡಿಯದು, ಆದರೆ ಇಲಿ ಬೆಕ್ಕುಗಳ ಎದುರು ನಿಲ್ಲದು. ಅಲ್ಯೂಮಿನಿಯಂ ಹಗುರ, ಒಮ್ಮೆ ತಗ್ಗು ಬಿದ್ದರೆ ಏಳದು. ಸ್ಟೀಲಿನದು ಬಾಳುತ್ತದೆ, ಬೆಲೆಯೂ ಹಾಗೆಯೇ ಇದೆ. ಮಡಚಿದರೆ ಸೀರೆಯ ನೆರಿಗೆಯಂತೆ ಸರಿಯುವ ಹೊಸ ಬಗೆಯೊಂದನ್ನೂ ತೋರಿಸಿ, ಪಟ್ಟಣದ ಹೊಸ ಮನೆಗಳಿಗೆಲ್ಲ ಇದೇ ಹೋಗುತ್ತದೆ ಎಂದ. ಅವ್ವನಿಗೆ ನೆರಿಗೆ ಎಣಿಸುವ ಹೊಸ ಕೆಲಸ ಬೇಡವೆಂದು ಸ್ಟೀಲಿನದನ್ನೇ ಕಟ್ಟಿಸಿಕೊಂಡು ಬಂದೆ.

ಕೆಲಸಕ್ಕೆ ಬಂದವರು ಬಡಿಗೇರ ಕಾಕಾ. ಮೊದಲ ಜಾಲಿ ಹೊಡೆದದ್ದು ಅವರ ತಂದೆ. ಆಗ ಇವರು ಮೊಳೆ ಎತ್ತಿಕೊಡುತ್ತಿದ್ದ ತರುಣ. ಈಗ ಎಪ್ಪತ್ತರ ಹತ್ತಿರ. ಬಂದವರೇ ಮೊದಲು ಚೌಕಟ್ಟಿನ ಪಟ್ಟಿಗಳನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ, ಒಂದೊಂದಕ್ಕೂ ಸೀಸದಕಡ್ಡಿಯಿಂದ ಗುರುತು ಹಾಕಿದರು. ಒಂದು ಚೌಕಟ್ಟಿನ ಪಟ್ಟಿ ಇನ್ನೊಂದಕ್ಕೆ ಕೂಡುವುದಿಲ್ಲವಂತೆ. ಹಳೆಯ ಮೊಳೆಗಳನ್ನೆಲ್ಲ ಕಿತ್ತು, ಕಟ್ಟಿಗೆಯನ್ನು ಉಜ್ಜಿ, ಗೆದ್ದಲು ಹಿಡಿದ ಒಂದು ತುದಿಯನ್ನು ಕಡಿದು ಬೇರೆ ತುಂಡು ಜೋಡಿಸಿದರು. ಜಾಲಿಯನ್ನು ಚೌಕಟ್ಟಿಗಿಂತ ಒಂದು ಅಂಗುಲ ಹೆಚ್ಚಾಗಿ ಕತ್ತರಿಸಿದರು. ಮೊದಲ ಮೊಳೆ ಮೇಲಿನ ಪಟ್ಟಿಯ ನಟ್ಟನಡುವೆ, ಎರಡನೆಯದು ಕೆಳಗಿನ ನಡುವೆ, ಆಮೇಲೆ ಎಡ ಬಲದ ನಡುವೆ. ಮೂಲೆಗಳು ಕೊನೆಗೆ. ಮೂಲೆಯಿಂದ ಹೊರಟರೆ ತಂತಿ ಓರೆಯಾಗಿ ಜೋಲು ಬೀಳುತ್ತದೆ. “ಭಾಳ ಎಳೀಬಾರ್ದ್ರಿ ಮಾಸ್ತರ, ಸಡ್ಲೂ ಬಿಡಬಾರ್ದು. ಹೊಸ ಹೊರಸಿನ ಹಗ್ಗ ಇದ್ದಂಗ ಇರಬೇಕು” ಎಂದು ಬೆರಳಿಂದ ಮೀಟಿ ತೋರಿಸಿದರು. ಜಾಲಿ ಸಣ್ಣಗೆ ದನಿ ಕೊಟ್ಟಿತು. ಆರು ಚೌಕಟ್ಟು ಮುಗಿಯಲು ಎರಡು ದಿನ ಹಿಡಿಯಿತು. ನೆರವಿಗೆ ಬಂದಿದ್ದ ಹುಡುಗ ಮೊಬೈಲ್ ನೋಡುತ್ತ ನಿಂತಾಗೆಲ್ಲ ಕಾಕಾ ಅವನ ಹೆಸರು ಕರೆಯದೆ ಸುತ್ತಿಗೆಯಿಂದ ನೆಲ ಕುಟ್ಟುತ್ತಿದ್ದರು.

ಎರಡನೆಯ ದಿನ ಸಂಜೆ ಕೂಲಿ ಎಣಿಸಿಕೊಂಡ ಮೇಲೂ ಅವರು ಹೊರಡಲಿಲ್ಲ. ಮೂಲೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಜಾಲಿಯನ್ನು ನೋಡಿದರು.

“ಇದನ್ನೇನು ಮಾಡ್ತೀರಿ ಮಾಸ್ತರ?”

“ಗುಜರಿಗೆ ಹಾಕಬೇಕು ಕಾಕಾ, ಇನ್ನೇನು.”

“ಕೆಳಗ ಗೇಣಗಲ ಹರದದ. ಮ್ಯಾಲೆ ಚಲೋನ ಅದರಿ. ನಮ್ಮ ಮನಿಗೆ ಎರಡು ಕಿಟಕಿ ಅವ. ಮನಿ ಕಾಲುವಿ ಬಾಜೂಕ. ಸೊಸಿ ಬಸುರದಾಳ, ಏಳು ತಿಂಗಳ.”

ಇಷ್ಟು ಹೇಳಿ ಅವರು ತಮ್ಮ ಉಳಿಯನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದರು, ಕೇಳಿದ್ದೇ ಹೆಚ್ಚಾಯಿತೇನೋ ಎಂಬಂತೆ. ಅಪ್ಪ ಮಗ ಇಬ್ಬರೂ ಸೇರಿ ಈ ಊರಿನ ಎಷ್ಟು ಮನೆಗಳಿಗೆ ಜಾಲಿ ಹೊಡೆದಿದ್ದಾರೋ ಲೆಕ್ಕವಿಲ್ಲ. ಒಳಗಿನಿಂದ ಅವ್ವ ಕೋಲೂರಿಕೊಂಡು ಬಂದಳು. ಹಳೆಯದರ ಮೇಲೆ, ಹೊಸದರಲ್ಲಿ ಉಳಿದಿದ್ದ ಎರಡು ಗಜದ ತುಂಡನ್ನೂ ಇಟ್ಟಳು. “ಇದನ್ನ ಹುಡುಗಿ ಮಲಗೋ ಕ್ವಾಣಿಗೆ ಹೊಡಿ. ಹಳೇದು ಅಡಗಿಮನಿಗೆ” ಎಂದಳು. ಅವಳ ಪಾಲಿಗೆ ಕಾಕಾ ಇಂದಿಗೂ ಮೊಳೆ ಎತ್ತಿಕೊಡುವ ಹುಡುಗ. ಬಸುರಿಗೆ ಚಳಿಜ್ವರ ಬಂದರೆ ಎರಡು ಜೀವಕ್ಕೂ ಕೇಡು ಎಂಬುದನ್ನು ಅವಳಿಗೆ ಯಾವ ವೈದ್ಯರೂ ಹೇಳಬೇಕಾಗಿರಲಿಲ್ಲ.

ಅಂದು ರಾತ್ರಿ ಹೊಸ ಜಾಲಿಯ ಒಳಗೆ ಕೂತಾಗ ಸೊಳ್ಳೆಯ ದನಿ ಹೊರಗೆ ಕೇಳುತ್ತಿತ್ತು, ಒಳಗೆ ಇರಲಿಲ್ಲ. ನೆಮ್ಮದಿಯಾಯಿತು. ಆದರೆ ಈ ನೆಮ್ಮದಿಯ ಲೆಕ್ಕ ಪೂರ್ತಿಯಾದದ್ದಲ್ಲ. ಜಾಲಿ ಸೊಳ್ಳೆಯನ್ನು ಕೊಲ್ಲುವುದಿಲ್ಲ. ಇಲ್ಲಿ ದಾರಿಯಿಲ್ಲ ಎಂದಷ್ಟೇ ಹೇಳಿ ಕಳಿಸುತ್ತದೆ. ಹಸಿದ ಜೀವ ಹಸಿವನ್ನು ಹೊತ್ತುಕೊಂಡು ಮುಂದಿನ ಮನೆಗೆ ಹೋಗುತ್ತದೆ. ಜಾಲಿಯಿಲ್ಲದ ಕಿಟಕಿಗೆ, ಭತ್ತ ನಾಟಿಗೆ ಬಂದು ಕಾಲುವೆಯ ದಂಡೆಯಲ್ಲಿ ತಾಡಪಾಲು ಕಟ್ಟಿಕೊಂಡವರ ಬಿಡಾರಕ್ಕೆ. ಓಸ್ಟಿಯಾದ ಗುಡಿಸಲಿನಲ್ಲಿದ್ದ ವೈದ್ಯರಿಬ್ಬರು ಬದುಕಿದ್ದನ್ನು ಪುಸ್ತಕಗಳು ಹೇಳುತ್ತವೆ. ಜಾಲಿಯ ಆಚೆಗೆ ಮಲಗಿದ್ದ ರೈತರು ಆ ಪ್ರಯೋಗದಲ್ಲಿ ಹೋಲಿಕೆಗೆ ಬೇಕಾದವರು, ಅಷ್ಟೆ. ಅಲ್ಲಿ ಜ್ವರ ತಗುಲಿದ ಸೊಳ್ಳೆ ನಾಳೆ ನನ್ನ ಜಾಲಿಯ ಕಂಡಿಯನ್ನೂ ಹುಡುಕಿಕೊಂಡು ಬರುತ್ತದೆ ಎಂಬುದು ಬೇರೆ ಮಾತು.

ಇದಕ್ಕೆ ಉಪಾಯವಿಲ್ಲದೆ ಇಲ್ಲ. ಸರಕಾರ ಹಂಚುವ, ಔಷಧಿ ಲೇಪಿಸಿದ ಸೊಳ್ಳೆಪರದೆ ಜಾಲಿಗಿಂತ ಒಂದು ಗುಣದಲ್ಲಿ ಮೇಲು: ಬಂದು ಕೂತ ಸೊಳ್ಳೆಯನ್ನು ಅದು ಕೊಲ್ಲುತ್ತದೆ. ಊರಿನ ಬಹುಮಂದಿ ಅದರೊಳಗೆ ಮಲಗಿದರೆ ಪರದೆ ಇಲ್ಲದವನಿಗೂ ಕಡಿತ ಕಡಿಮೆಯಾಗುತ್ತದೆ. ಬಾವಿ ಹೊಂಡಗಳಿಗೆ ಬಿಡುವ ಗಪ್ಪಿ ಮೀನು ಮರಿಗಳನ್ನು ಹುಟ್ಟುವಲ್ಲಿಯೇ ನುಂಗುತ್ತದೆ. ಇನ್ನು ರಾಸ್ ಸಾಹೇಬರ ಪೀಪಾಯಿ ಇದ್ದೇ ಇದೆ. ಡೆಂಗೆ ತರುವ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು. ಹುಟ್ಟುವುದು ಮನೆಯಲ್ಲಿ ತುಂಬಿಟ್ಟ ನೀರಿನಲ್ಲಿ. ಲಾವಂಚದ ತಟ್ಟಿಯ ವಾರಸುದಾರನಾಗಿ ಈಗ ಮನೆಮನೆಯಲ್ಲೂ ಕೂಲರ್ ಗೊರಗುಟ್ಟುತ್ತದಲ್ಲ, ಬೇಸಗೆ ಕಳೆದ ಮೇಲೆ ಅದರ ತಳದಲ್ಲಿ ಉಳಿದ ಎರಡು ಚೊಂಬು ನೀರು ಅದಕ್ಕೆ ಸಾಕು. ಆಗ ಜಾಲಿ ಎಷ್ಟು ಹೊಸದಾದರೂ ಪ್ರಯೋಜನವಿಲ್ಲ. ಕಳ್ಳನನ್ನು ಒಳಗಿಟ್ಟುಕೊಂಡು ಬಾಗಿಲು ಹಾಕಿದಂತೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಜಾಲಿ ಇದ್ದರೆ, ನಾಳೆ ಸಂಜೆ ಒಳಗೆ ದೀಪ ಹಚ್ಚಿ ಹೊರಗೆ ನಿಂತು ಅದರ ಕೆಳ ಅಂಚನ್ನು ನೋಡಿರಿ. ವಾರಕ್ಕೊಮ್ಮೆ ಕೂಲರಿನ ನೀರು ಚೆಲ್ಲಿರಿ. ಬಡಿಗೇರರು ಹೊಸ ಜಾಲಿ ಹೊಡೆದು ಹೊರಟಾಗ, ಹಳೆಯದನ್ನು ಗುಜರಿಗೆ ಹಾಕುವ ಮೊದಲು ಅವರ ಮನೆಗೆ ಕಿಟಕಿ ಎಷ್ಟಿವೆ ಎಂದು ಕೇಳಿರಿ. ಅವರಾಗಿ ಹೇಳುವವರಲ್ಲ.